ಉಣಿಸುವುದೆಲ್ಲ ದಯೆಯೇ?

ಹಸಿದವರಿಗೆ ಅನ್ನವಿಕ್ಕುವುದು ಪುಣ್ಯವೆಂಬ ನಂಬುಗೆಯಲ್ಲಿ ಬೆಳೆದ ನಾಡು ನಮ್ಮದು. ಆ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಹಸಿವಿಲ್ಲದ ಜೀವಕ್ಕೆ ಮತ್ತೆ ಮತ್ತೆ ಉಣಿಸುವುದು ಯಾವ ಲೆಕ್ಕಕ್ಕೆ ಸೇರಬೇಕು? ಮನೆಯಲ್ಲಿ ನಾಯಿ, ಬೆಕ್ಕುಗಳನ್ನು ಸಾಕಿದ ವಾಚಕರು ಈ ಪ್ರಶ್ನೆಯನ್ನು ಒಮ್ಮೆ ತಮಗೆ ತಾವೇ ಕೇಳಿಕೊಳ್ಳಬೇಕು.

ನಮ್ಮ ಮಠದ ಅಂಗಳದಲ್ಲಿ ಒಂದು ನಾಯಿಯಿತ್ತು. ರಾತ್ರಿಯ ಪ್ರಸಾದವಾದ ಮೇಲೆ ಅದು ಬಾಗಿಲಲ್ಲಿ ಕುಳಿತು ನಮ್ಮ ಮುಖವನ್ನೇ ನೋಡುತ್ತಿತ್ತು. ತುಪ್ಪ ಸವರಿದ ರೊಟ್ಟಿಯ ತುಣುಕೊಂದನ್ನು ನಾವು ಹಾಕುತ್ತಿದ್ದೆವು. ಒಂದು ತುಣುಕು ತಾನೆ ಎಂಬುದು ನಮ್ಮ ಸಮಾಧಾನ. ಅಡುಗೆಯವರೂ, ವಿದ್ಯಾರ್ಥಿಗಳೂ, ಬಂದುಹೋಗುವ ಭಕ್ತರೂ ಹಾಗೆಯೇ ಭಾವಿಸಿದ್ದರು. ಎಂಟು ವರ್ಷ ತುಂಬುವುದರೊಳಗೆ ಅದು ಮೂರು ಮೆಟ್ಟಿಲು ಹತ್ತಲಾರದೆ ಕುಳಿತುಬಿಟ್ಟಿತು. ಪಶುವೈದ್ಯರು ಅದರ ಪಕ್ಕೆಯನ್ನು ಒತ್ತಿ ನೋಡಿ, "ಇದಕ್ಕೆ ದಿನಕ್ಕೆ ಎಷ್ಟು ಹಾಕುತ್ತೀರಿ?" ಎಂದು ಕೇಳಿದರು. ಉತ್ತರ ನಮ್ಮಲ್ಲಿ ಯಾರಲ್ಲಿಯೂ ಇರಲಿಲ್ಲ.

ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಗಳಿದ್ದಾಗಲೇ ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರವನ್ನು ಜೀವಮಾನವಿಡೀ ಕೊಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚು ತಿಂದ ಗುಂಪಿನ ಮಧ್ಯಾಂಕ ಆಯುಷ್ಯ 11.2 ವರ್ಷ, ಮಿತವಾಗಿ ಉಂಡ ಗುಂಪಿನದು 13 ವರ್ಷ. ಕೀಲುನೋವು ಮೊದಲಾದ ಬಾಧೆಗಳೂ ಮಿತಾಹಾರಿಗಳಿಗೆ ತಡವಾಗಿ ಬಂದವು. ನಾವು ಪ್ರೀತಿಯೆಂದು ಹಾಕಿದ ತುಣುಕುಗಳು ಆಯುಷ್ಯವನ್ನೇ ಕಡಿಯಬಲ್ಲವು ಎಂದಾಯಿತು.

ಮನುಷ್ಯನು ವ್ರತ ಹಿಡಿಯಬಲ್ಲನು, ಸಾಕೆಂದು ಎಲೆಯಿಂದ ಏಳಬಲ್ಲನು. ಸಾಕಿದ ಪ್ರಾಣಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ಅಲೆದಾಟ, ಬೇಟೆ, ಆಯ್ಕೆಗಳನ್ನೆಲ್ಲ ನಾವು ತೆಗೆದುಕೊಂಡಿದ್ದೇವೆ. ಆದುದರಿಂದ ಅದು ಪಾಲಿಸಲಾಗದ ಸಂಯಮವನ್ನು ಅದರ ಪರವಾಗಿ ನಾವು ಪಾಲಿಸಬೇಕು. ಉಣಿಸುವಾಗ ನಮಗಾಗುವ ಸುಖವನ್ನು ಅದರ ಹಿತವೆಂದು ಭ್ರಮಿಸುವುದು ದಯೆಯಲ್ಲ.

ಇದಕ್ಕೆ ಬೇಕಾದುದು ಕಠಿಣ ಸಾಧನೆಯೇನಲ್ಲ. ಕೈಯಾಡಿಸಿದರೆ ಪಕ್ಕೆಲುಬುಗಳು ತೆಳುವಾದ ಹೊದಿಕೆಯ ಕೆಳಗೆ ತಿಳಿಯಬೇಕು. ಮೇಲಿನಿಂದ ನೋಡಿದರೆ ನಡು ಕಾಣಬೇಕು. ದಿನದ ಆಹಾರವನ್ನು ಒಬ್ಬರೇ ಅಳೆದು ಇಡಬೇಕು. ತಿಂಡಿತುಣುಕುಗಳಿಂದ ಬರುವ ಕ್ಯಾಲರಿ ಒಟ್ಟು ಆಹಾರದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು. ಸಂತಾನಹರಣ ಚಿಕಿತ್ಸೆಯಾದ ಪ್ರಾಣಿಗೆ ಮೊದಲಿಗಿಂತ ಕಡಿಮೆ ಆಹಾರ ಸಾಕು. ಆದರೆ ಎಚ್ಚರ: ಕೊಬ್ಬಿದ ಬೆಕ್ಕನ್ನು ಹಠಾತ್ತನೆ ಉಪವಾಸ ಕೆಡವಿದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾದೀತು. ತೂಕವನ್ನು ವೈದ್ಯರ ಸಲಹೆಯಂತೆ ನಿಧಾನವಾಗಿಯೇ ಇಳಿಸಬೇಕು. ಅತಿಯನ್ನು ಇನ್ನೊಂದು ಅತಿಯಿಂದ ತಿದ್ದಲಾಗದು.

ರೊಟ್ಟಿಯನ್ನು ನಿಲ್ಲಿಸಿದ ಮೊದಲ ರಾತ್ರಿ ಆ ನಾಯಿ ಬಹಳ ಹೊತ್ತು ಬಾಗಿಲು ಬಿಟ್ಟು ಕದಲಲಿಲ್ಲ. ಅದಕ್ಕಿಂತ ಹೆಚ್ಚು ಕಷ್ಟವಾದದ್ದು ನಮಗೆ. ಮರುದಿನದಿಂದ ಆ ಹೊತ್ತಿನಲ್ಲಿ ಅದರೊಡನೆ ಅಂಗಳದಲ್ಲಿ ಮೆಲ್ಲನೆ ನಡೆಯತೊಡಗಿದೆವು. ಕೆಲವು ತಿಂಗಳಲ್ಲಿ ಅದು ಮೆಟ್ಟಿಲು ಹತ್ತಿತು. ಹಿಂಗಾಲು ಮಾತ್ರ ಪೂರ್ಣ ನೆಟ್ಟಗಾಗಲಿಲ್ಲ. ಆ ಕುಂಟು ನಾವು ಕೊಟ್ಟದ್ದು.

ವಾಚಕರೆ, ಇಂದು ರಾತ್ರಿ ನಿಮ್ಮ ಎಲೆಯ ಬಳಿ ಎರಡು ಕಣ್ಣುಗಳು ಕಾದಿದ್ದರೆ, ಕೈ ಚಾಚುವ ಮುನ್ನ ಒಂದು ಕ್ಷಣ ತಡೆಯಿರಿ. ತಣಿಯಬೇಕಾಗಿರುವುದು ಅದರ ಹಸಿವೋ, ನಮ್ಮ ಮನಸ್ಸೋ ಎಂದು ವಿಚಾರಿಸಿರಿ.