ನಾಲ್ಕು ಸೆಂಟಿಮೀಟರಿನ ಬೇವು

ಮರ ಸವರುವುದು ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವನು ನಾನು. ತೋಟದ ಗೊಬ್ಬರಕ್ಕೆ ಸೊಪ್ಪಿನ ಬೆಟ್ಟದ ಮರಗಳೇ ಆಧಾರ. ಸೊಪ್ಪು ಕಡಿಯಲು ಹೋದಾಗ ಅಜ್ಜ ಹೇಳುತ್ತಿದ್ದದ್ದು ಒಂದೇ ಮಾತು: "ತುದಿ ಮುಟ್ಟಡ, ಮಾಣಿ."

ಈಗ ಚೆನ್ನೈನಲ್ಲಿ ಲ್ಯಾಂಡ್‌ಸ್ಕೇಪ್ ವಿನ್ಯಾಸ ನನ್ನ ಕಸುಬು. 2004ರಲ್ಲಿ, ಇನ್ನೂ ಕೆಲಸ ಕಲಿಯುತ್ತಿದ್ದಾಗ, ಒಂದು ಅಪಾರ್ಟ್‌ಮೆಂಟಿನ ಅಂಗಳಕ್ಕೆ ನಕ್ಷೆ ಬರೆದೆ. 1:100 ಸ್ಕೇಲು, ಕಾಗದದ ಒಂದು ಸೆಂಟಿಮೀಟರ್ ನೆಲದ ಒಂದು ಮೀಟರ್. ನಕ್ಷೆಯಲ್ಲಿ ಮರವೆಂದರೆ ಒಂದು ವೃತ್ತ. ಅದು ಇಂದಿನ ಸಸಿಯ ಅಳತೆಯಲ್ಲ, ಪೂರ್ತಿ ಬೆಳೆದ ಮರದ ಹರವು. ಈ ವಿದ್ಯೆಯ ಮೊದಲ ಪಾಠವೇ ಇದು. ಬೇವು ಹತ್ತು ಮೀಟರ್ ಹರಡಬಲ್ಲದು. ಕೈವಾರ ತೆಗೆದು ಹತ್ತು ಸೆಂಟಿಮೀಟರಿನ ವೃತ್ತ ಎಳೆಯಬೇಕಿತ್ತು. ಅಷ್ಟು ಜಾಗ ಬಿಟ್ಟರೆ ಎರಡು ಕಾರಿನ ಪಾರ್ಕಿಂಗ್ ಹೋಗುತ್ತಿತ್ತು. ಟೆಂಪ್ಲೇಟ್ ಇಟ್ಟು ನಾಲ್ಕು ಸೆಂಟಿಮೀಟರಿನದನ್ನು ಎಳೆದುಬಿಟ್ಟೆ. ಯಾರೂ ಕೇಳಲಿಲ್ಲ.

2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಂದು ನಗರದ ಸಾವಿರಾರು ಮರಗಳು ಉರುಳಿದವು. ಈ ಬೇವು ಉಳಿಯಿತು, ಜೊತೆಗೆ ಭಯವೂ ಉಳಿಯಿತು. ಕಾರುಗಳ ಮೇಲೆ, ಬಾಲ್ಕನಿಯತ್ತ ಚಾಚಿದ್ದ ಮರವನ್ನು ಅರ್ಧಕ್ಕೆ ಮೊಟಕು ಮಾಡಿಸಿ ಎಂದು ನಿವಾಸಿಗಳು ನನ್ನನ್ನೇ ಕರೆಸಿದರು. ಮಕ್ಕಳಾಡುವ ಅಂಗಳ ಅದು. ಅವರ ಭಯ ಸುಳ್ಳೇನಲ್ಲ.

ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಭಾಗಕ್ಕೆ ಒಳಗೇ ಗೋಡೆ ಕಟ್ಟಿಕೊಂಡು, ಅದರ ಮೇಲೆ ಮರ ಹೊಸದಾಗಿ ಬೆಳೆಯುತ್ತದೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿದ ಕೊರಳೊಂದಿರುತ್ತದೆ; ಅದನ್ನು ಉಳಿಸಿ ಹೊರಗೆ ಕೊಯ್ದರೆ ಗಾಯ ಮುಚ್ಚೀತು. ತಲೆಯನ್ನೇ ಕಡಿದರೆ ಕೊಳೆ ಒಳಗಿಳಿಯುತ್ತದೆ. ಸುತ್ತ ಏಳುವ ಹೊಸ ರೆಂಬೆಗಳ ಹಿಡಿತ ಸಡಿಲ. ಮುಂದೊಂದು ಗಾಳಿಗೆ ಅವೇ ಮುರಿಯುತ್ತವೆ.

ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಜಾಣ ಎನಿಸಿಕೊಳ್ಳುತ್ತಿದ್ದೆ. ಆದರೆ ಮರ ತನ್ನ ಅಳತೆಗೆ ಬೆಳೆದಿತ್ತು, ಸುಳ್ಳು ಅಳತೆ ಕೊಟ್ಟವನು ನಾನು. ಅದನ್ನೂ ಹೇಳಿದೆ. ಕೂಗಾಟವಾಯಿತು. ಕೊನೆಗೆ ಒಂದು ಕಾರಿನ ಜಾಗ ಬಿಡುವುದು, ಬಾಲ್ಕನಿಯತ್ತಲ ಒಂದೇ ಕೊಂಬೆ ತೆಗೆಯುವುದು ಎಂದಾಯಿತು. ಜಾಗ ಕಳೆದುಕೊಂಡ ಹಿರಿಯರು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಅವರದು ತಪ್ಪೆನ್ನಲಾರೆ.

ಸವರುವುದೇ ತಪ್ಪೆಂದು ಈಗಲೂ ನಾನು ಹೇಳುವುದಿಲ್ಲ. ಕತ್ತರಿ ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಯಾರ ತಪ್ಪಿಗೆ ಯಾರು ತೆರುವ ದಂಡ? ಮಕ್ಕಳ ವಿಷಯದಲ್ಲಿ, ಕೈಕೆಳಗಿನವರ ವಿಷಯದಲ್ಲಿಯೂ ನಾವು ಮೊದಲು ಚಿಕ್ಕ ವೃತ್ತ ಎಳೆದು, ಆಮೇಲೆ ಮೀರಿ ಬೆಳೆದರೆಂದು ಸಿಟ್ಟಾಗುತ್ತೇವಲ್ಲ.

ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಿದ ತೋಟದ ಕೆಲಸದವರು ಕೊಯ್ದ ಜಾಗ ಸವರಿ "ಪಾವಂ, ಸಾರ್" ಎಂದರು. ತಮಿಳಿನ ಪಾವಂ, ನಮ್ಮ ಪಾಪ. ಎರಡೂ ಭಾಷೆಯಲ್ಲಿ ಮರುಕಕ್ಕೂ ಅದೇ ಪದ, ಮಾಡಿದ ತಪ್ಪಿಗೂ ಅದೇ. ಯಾವ ಅರ್ಥದಲ್ಲಿ ಹೇಳಿದರೆಂದು ನಾನು ಕೇಳಲಿಲ್ಲ.