ದೂರವಾಣಿಯೂ ಮನ್ನಣೆಯ ಧರ್ಮವೂ

ಒಂದು ಸಮಾಜವು ಯಾರನ್ನು ದಂಡಿಸುತ್ತದೆ ಎಂಬುದರಿಂದ ಅದರ ನ್ಯಾಯವನ್ನೂ, ಯಾರನ್ನು ಮನ್ನಿಸುತ್ತದೆ ಎಂಬುದರಿಂದ ಅದರ ಆಸೆಯನ್ನೂ ತಿಳಿಯಬಹುದು. ದಂಡನೆಗೆ ಕಟ್ಟಳೆಯುಂಟು, ಸಾಕ್ಷಿ, ವಾದ, ತೀರ್ಪುಗಳುಂಟು. ಮನ್ನಣೆಗೆ ಅಂಥ ಕಟ್ಟಳೆ ಇಲ್ಲ. ಶಾಲು ಹೊದಿಸುವ ಸಭೆ ವಿಚಾರಣೆ ನಡೆಸುವುದಿಲ್ಲ. ಹಾರ ಹಾಕಿಸಿಕೊಂಡವನನ್ನು ಯಾರೂ ಪಾಟೀಸವಾಲಿಗೆ ಗುರಿಮಾಡುವುದಿಲ್ಲ. ಆದುದರಿಂದಲೇ ಮನ್ನಣೆಯಲ್ಲಿ ನಡೆಯುವ ಅನ್ಯಾಯವು ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಹಳ್ಳಿಗಳಿಗೆ ದೂರವಾಣಿಯನ್ನೂ ಈಚೆಗೆ ಅಂತರ್ಜಾಲವನ್ನೂ ಒಯ್ಯುವ ಉದ್ಯಮದಲ್ಲಿ ಮುಂದಾಳುಗಳನ್ನು ಸನ್ಮಾನಿಸುವ ಪದ್ಧತಿ ಬೆಳೆದುಬಂದಿದೆ. ಉದ್ಯಮದವರೇ ಕೂಡಿ, ತಮ್ಮಲ್ಲಿ ಹಿರಿಯನೊಬ್ಬನನ್ನು ಆರಿಸಿ, ಅವನ ಸೇವೆಯನ್ನು ಕೊಂಡಾಡುತ್ತಾರೆ. ಕಂಬ ನೆಟ್ಟವರು, ತಂತಿ ಎಳೆದವರು, ಮಳೆಯಲ್ಲಿ ಕಡಿದ ತಂತಿಯನ್ನು ಮರುದಿನವೇ ಕೂಡಿಸಿದವರು ಆ ಸಭೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸಾವಿರ ಕೈಗಳ ಕೆಲಸಕ್ಕೆ ಒಂದು ಕೊರಳಿಗೆ ಹಾರ ಹಾಕುವುದು ಧರ್ಮವೇ? ಧರ್ಮವಾದರೆ, ಅದು ಯಾವ ಗುಣಕ್ಕೆ ಸಲ್ಲತಕ್ಕದ್ದು? ಈ ಪ್ರಶ್ನೆಗಳನ್ನು ವಿಚಾರಿಸುವುದಕ್ಕೆ ಕನ್ನಡ ನಾಡಿನಲ್ಲಿಯೇ ನಡೆದ ಒಂದು ಸಂಗತಿ ಸಹಾಯಕವಾಗಿದೆ.

1986ನೆಯ ಇಸವಿಯಲ್ಲಿ, ಧಾರವಾಡಕ್ಕೂ ಬೆಳಗಾವಿಗೂ ನಡುವೆ ಇರುವ ಕಿತ್ತೂರಿನಲ್ಲಿ, ಒಂದು ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜು ಕೆಲಸಕ್ಕೆ ತೊಡಗಿತು. ಭಾರತದ ಎಂಜಿನಿಯರುಗಳೇ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜುಗಳಲ್ಲಿ ಅದೇ ಮೊದಲನೆಯದು. ಅದಕ್ಕೆ 128 ಸಂಪರ್ಕದ್ವಾರಗಳಿದ್ದುವು. ಅದುವರೆಗೆ ಹಳ್ಳಿಗನಿಗೆ ದೂರದ ಊರಿನೊಡನೆ ಮಾತಾಡುವುದೆಂದರೆ ದೊಡ್ಡ ಊರಿನ ಅಂಚೆ ಕಚೇರಿಗೆ ಹೋಗಿ, ಟ್ರಂಕ್ ಕಾಲ್ ಬರೆಯಿಸಿ, ಗಂಟೆಗಟ್ಟಲೆ ಕಾದು ಕುಳಿತುಕೊಳ್ಳುವುದೆಂದೇ ಅರ್ಥವಾಗಿತ್ತು. ಮನೆಯಲ್ಲಿ ಸಾವಾದರೆ, ಪರಊರಿನಲ್ಲಿರುವ ಮಗನಿಗೆ ಸುದ್ದಿ ಮುಟ್ಟುವ ವೇಳೆಗೆ ಸಂಸ್ಕಾರ ಮುಗಿದುಹೋಗಿರುವುದೂ ಉಂಟು. ದೂರವಾಣಿಯಿಲ್ಲದಿರುವುದು ಬರಿಯ ಅನನುಕೂಲವೆಂದು ಪಟ್ಟಣದವರು ತಿಳಿಯುವರು. ಹಳ್ಳಿಯಲ್ಲಿ ಅದು ತಾಯಿಯ ಮುಖವನ್ನು ಕೊನೆಯ ಸಲ ನೋಡುವುದಕ್ಕೂ ನೋಡದಿರುವುದಕ್ಕೂ ಇರುವ ಅಂತರವಾಗಿತ್ತು.

ಆ ಯಂತ್ರವನ್ನು ರೂಪಿಸಿದ ಸಂಸ್ಥೆಯ ಹೆಸರು ಸಿ-ಡಾಟ್. ಕೇಂದ್ರ ಸರ್ಕಾರವು ಅದನ್ನು 1984ರ ಆಗಸ್ಟ್ ತಿಂಗಳಲ್ಲಿ ಸ್ಥಾಪಿಸಿತು. 36 ಕೋಟಿ ರೂಪಾಯಿಗಳಲ್ಲಿ, 36 ತಿಂಗಳುಗಳಲ್ಲಿ ದೇಶಕ್ಕೆ ತನ್ನದೇ ಆದ ಎಕ್ಸ್‌ಚೇಂಜುಗಳನ್ನು ಮಾಡಿಕೊಡುವೆವೆಂಬ ಮಾತಿನ ಮೇಲೆ ಅದು ಹುಟ್ಟಿತು. ಮಾತು ಕೊಟ್ಟವರಲ್ಲಿ ಮುಂದಾಗಿ ನಿಂತವರು ಸ್ಯಾಮ್ ಪಿತ್ರೋಡ ಅವರು. ಒಡಿಶಾದ ಟಿಟ್ಲಾಗಢದಲ್ಲಿ 1942ರಲ್ಲಿ ಹುಟ್ಟಿ, ಅಮೆರಿಕದಲ್ಲಿ ದೂರವಾಣಿ ಎಂಜಿನಿಯರಾಗಿ ಹೆಸರು ಗಳಿಸಿ, ಈ ಕೆಲಸಕ್ಕಾಗಿ ಅವರು ಹಿಂತಿರುಗಿದರು; ವರ್ಷಕ್ಕೆ 1 ರೂಪಾಯಿ ಸಂಬಳಕ್ಕೆ ದುಡಿದರು. 2009ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು.

ಇಲ್ಲಿ ಮೊದಲನೆಯ ಆಕ್ಷೇಪ ಏಳುತ್ತದೆ. ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಹಗಲಿರುಳು ಕುಳಿತು ಆ ಯಂತ್ರಕ್ಕೆ ಜೀವ ಕೊಟ್ಟವರು ಆಗತಾನೆ ಕಾಲೇಜು ಬಿಟ್ಟುಬಂದ ತರುಣ ತರುಣಿಯರು. ಅದನ್ನು ಹಳ್ಳಿಯಲ್ಲಿ ನಿಲ್ಲಿಸಿದವರು ದೂರವಾಣಿ ಇಲಾಖೆಯ ನೌಕರರು. ಇಷ್ಟು ಮಂದಿಯ ಬೆವರಿನ ಫಲವನ್ನು ಒಬ್ಬರ ಹೆಸರಿಗೆ ಬರೆದರೆ, ಅದು ಇತರರ ಪಾಲನ್ನು ಕಸಿದಂತಾಗಲಿಲ್ಲವೆ? ಆಕ್ಷೇಪ ಬಲವಾದದ್ದೇ. ಆದರೆ ಮನ್ನಣೆಯು ಹೊಲದ ಪಾಲಿನಂತೆ, ಒಬ್ಬನಿಗೆ ಹೆಚ್ಚು ಕೊಟ್ಟರೆ ಮತ್ತೊಬ್ಬನಿಗೆ ಕಡಿಮೆಯಾಗುವ ವಸ್ತುವೆಂದು ಅದು ಭಾವಿಸುತ್ತದೆ. ದೀಪದಿಂದ ದೀಪ ಹಚ್ಚಿದರೆ ಮೊದಲನೆಯದರ ಬೆಳಕು ಕುಂದುವುದಿಲ್ಲ. ಮುಂದಾಳನ್ನು ಮನ್ನಿಸಿದ ಸಭೆಯೇ ತಂತಿ ಕೂಡಿಸಿದವನನ್ನೂ ಮನ್ನಿಸಬಹುದು. ಅವನನ್ನು ಮರೆತರೆ ತಪ್ಪು ಆ ಮರೆವಿನದು. ಮುಂದಾಳಿಗೆ ಸಂದ ಮರ್ಯಾದೆಯದಲ್ಲ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು. ಕೊಟ್ಟ ಮಾತು ಪೂರ್ಣವಾಗಿ ನಡೆಯಲಿಲ್ಲ. ಹಳ್ಳಿಯ ಚಿಕ್ಕ ಎಕ್ಸ್‌ಚೇಂಜು ಬೇಗನೆ ಬಂದಿತಾದರೂ ಪಟ್ಟಣಗಳಿಗೆ ಬೇಕಾದ ದೊಡ್ಡದು 36 ತಿಂಗಳುಗಳಲ್ಲಿ ಸಿದ್ಧವಾಗದೆ ತಡವಾಯಿತು. 1989ರ ಕೊನೆಯಲ್ಲಿ ಸರ್ಕಾರ ಬದಲಾದ ಮೇಲೆ ಸಂಸ್ಥೆಯೂ ಅದರ ಮುಂದಾಳುಗಳೂ ಕಟುವಾದ ಟೀಕೆಗೆ ಗುರಿಯಾದರು. ಹೀಗಿರಲು ಇಂಥವರಿಗೆ ಮನ್ನಣೆ ಯಾತಕ್ಕೆಂದು ಕೇಳಬಹುದು. ಇದಕ್ಕೆ ಉತ್ತರ ಹೇಳಬೇಕಾದರೆ, ಆ ಚಿಕ್ಕ ಯಂತ್ರದ ಸ್ವಭಾವವನ್ನೇ ಸ್ವಲ್ಪ ಪರಿಶೀಲಿಸಬೇಕು.

ಆ ಕಾಲದಲ್ಲಿ ಹೊರದೇಶಗಳಿಂದ ಬರುತ್ತಿದ್ದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಸಾವಿರಾರು ಸಂಪರ್ಕಗಳ ಪಟ್ಟಣಗಳಿಗಾಗಿ ಮಾಡಿದವು. ಅವುಗಳಿಗೆ ಹವಾನಿಯಂತ್ರಣದ ಕೋಣೆ ಬೇಕು, ಧೂಳು ಸೋಕಬಾರದು, ವಿದ್ಯುತ್ತು ತಪ್ಪಬಾರದು, ನುರಿತ ಆಳು ಹತ್ತಿರವಿರಬೇಕು. ಹಳ್ಳಿಯಲ್ಲಿ ಈ ನಾಲ್ಕೂ ದುರ್ಲಭ. ಯಂತ್ರಕ್ಕೆ ತಕ್ಕಂತೆ ಹಳ್ಳಿ ಬದಲಾಗುವವರೆಗೆ ಕಾಯಬೇಕೆಂಬುದು ಲೋಕರೂಢಿಯ ಬುದ್ಧಿ. ಹಳ್ಳಿಗೆ ತಕ್ಕಂತೆ ಯಂತ್ರವೇ ಬದಲಾಗಲಿ ಎಂಬುದು ಇವರ ನಿಶ್ಚಯ. ಬಿಸಿಲಿನ ಝಳವನ್ನೂ ಧೂಳನ್ನೂ ಸಹಿಸಿಕೊಂಡು, ಹವಾನಿಯಂತ್ರಣವಿಲ್ಲದ ಸಾಮಾನ್ಯ ಕೋಣೆಯಲ್ಲಿ, ಹತ್ತಿರ ಯಾರೂ ಕಾವಲಿಲ್ಲದೆ ತನ್ನ ಪಾಡಿಗೆ ತಾನು ನಡೆಯುವಂತೆ ಅದನ್ನು ರೂಪಿಸಿದರು. ಕೆಟ್ಟರೆ, ಕೆಟ್ಟ ಹಲಗೆಯನ್ನು ತೆಗೆದು ಬೇರೊಂದನ್ನು ಸೇರಿಸಿದರಾಯಿತು. ರಚನೆಯ ವಿವರಗಳನ್ನು ಬಚ್ಚಿಡದೆ, ದೇಶದ ಹಲವು ಕಾರ್ಖಾನೆಗಳಿಗೆ ಕೊಟ್ಟರು. ಮುಂದೆ ಊರೂರಿನ ಅಂಗಡಿ ಬೀದಿಗಳಲ್ಲಿ ಎಸ್‌.ಟಿ.ಡಿ. ಎಂಬ ಹಳದಿ ಹಲಗೆಯ ಚಿಕ್ಕ ಗೂಡುಗಳು ತಲೆಯೆತ್ತಿದುವು. ಮನೆಯಲ್ಲಿ ದೂರವಾಣಿಯಿಲ್ಲದವನೂ ನಾಲ್ಕು ಕಾಸು ಕೊಟ್ಟು ಮಗನ ದನಿಯನ್ನು ಕೇಳುವಂತಾಯಿತು.

ಮನ್ನಣೆಗೆ ತಕ್ಕ ಗುಣವು ಇಲ್ಲಿಯೇ ಅಡಗಿದೆ. ಅದು 1 ರೂಪಾಯಿಯ ಸಂಬಳದಲ್ಲಿಲ್ಲ. ತ್ಯಾಗ ದೊಡ್ಡದು, ಆದರೆ ಫಲವಿಲ್ಲದ ತ್ಯಾಗದಿಂದ ಹಳ್ಳಿಯ ತಾಯಿಗೆ ಮಗನ ದನಿ ಕೇಳಿಸುವುದಿಲ್ಲ. ಕೊಟ್ಟ ಗಡುವಿನಲ್ಲಿಯೂ ಅದು ಇಲ್ಲ. ಗಡುವು ತಪ್ಪಿದ್ದು ದೋಷವೇ, ಅದನ್ನು ದೋಷವೆಂದೇ ಬರೆದಿಡತಕ್ಕದ್ದು. ಬಡವನ ಸ್ಥಿತಿಯನ್ನು ಅಡ್ಡಿಯೆಂದು ಭಾವಿಸದೆ, ಅದನ್ನೇ ಕೆಲಸದ ಮೊದಲ ಕಟ್ಟಳೆಯೆಂದು ಒಪ್ಪಿಕೊಂಡದ್ದು ಒಂದು ಗುಣ. ತಾನು ಹತ್ತಿರವಿಲ್ಲದಿದ್ದರೂ ನಡೆಯುವಂಥ ಕೆಲಸವನ್ನು ಮಾಡಿದ್ದು ಇನ್ನೊಂದು. ಮುಂದಾಳಿಲ್ಲದಿದ್ದರೆ ನಿಂತುಹೋಗುವ ಕಾರ್ಯವು ಎಷ್ಟೇ ವಿಜೃಂಭಣೆಯದಾದರೂ ಅವನ ದೊಡ್ಡಸ್ತಿಕೆಗೆ ಸಾಕ್ಷಿಯೇ ಹೊರತು ಸೇವೆಗೆ ಸಾಕ್ಷಿಯಲ್ಲ. ಕೆರೆ ಕಟ್ಟಿಸಿದವನು ದಿನವೂ ಬಂದು ನೀರು ತುಂಬಬೇಕಾಗಿಲ್ಲ. ಮಳೆ ತುಂಬುತ್ತದೆ, ಊರು ಕುಡಿಯುತ್ತದೆ.

ಕನ್ನಡ ನಾಡಿಗೆ ಈ ವಿವೇಕ ಹೊಸದಲ್ಲ. ಊರ ಹೊರಗೆ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ ಇದು ತಿಳಿಯುತ್ತದೆ. ತುರುಗಳನ್ನು ಕಳ್ಳರಿಂದ ಬಿಡಿಸಹೋಗಿ ಸತ್ತ ಸಾಮಾನ್ಯ ಹಳ್ಳಿಗನಿಗೂ ಅಲ್ಲಿ ಕಲ್ಲು ನಿಂತಿದೆ. ಹತ್ತನೆಯ ಶತಮಾನದ ಆತಕೂರು ಶಾಸನವು ಕಾಳಿಯೆಂಬ ನಾಯಿಯನ್ನು, ಅದು ಹಂದಿಯೊಡನೆ ಹೋರಾಡಿ ಮಡಿದುದಕ್ಕಾಗಿ, ನೆನೆಯುತ್ತದೆ. ಆ ಕಲ್ಲು ಪದವಿಯನ್ನು ಕೇಳಲಿಲ್ಲ. ಏನು ಮಾಡಿದೆ ಎಂದು ಕೇಳಿತು. ಕಿತ್ತೂರಿನಲ್ಲಿಯೂ ಹಾಗೆಯೇ. 1824ರಲ್ಲಿ ಕಂಪೆನಿಯ ಸೈನ್ಯವನ್ನು ಎದುರಿಸಿದ ರಾಣಿ ಚೆನ್ನಮ್ಮನನ್ನು ನೆನೆಯುವ ಜನರು ಸಂಗೊಳ್ಳಿ ರಾಯಣ್ಣನನ್ನೂ ಅಮಟೂರು ಬಾಳಪ್ಪನನ್ನೂ ಅದೇ ಉಸಿರಿನಲ್ಲಿ ನೆನೆಯುತ್ತಾರೆ. ಅದರಿಂದ ರಾಣಿಯ ಕೀರ್ತಿ ಎಳ್ಳಷ್ಟೂ ಕುಗ್ಗಲಿಲ್ಲ. ಅವಳ ಹಿಂದೆ ಯಾರು ನಿಂತರೆಂಬುದು ತಿಳಿದಷ್ಟೂ ಅವಳು ಎಂಥ ಮುಂದಾಳೆಂಬುದು ಸ್ಪಷ್ಟವಾಯಿತು.

ಮತ್ತೊಂದು ವಿಚಾರ ಉಳಿದಿದೆ: ಮನ್ನಣೆಯನ್ನು ಕೊಡುವವರು ಯಾರಾಗಿರಬೇಕು? ಅಮೆರಿಕದಲ್ಲಿ ದೊಡ್ಡ ಕಂಪೆನಿಗಳು ಲಾಭ ಸಾಲದೆಂದು ದೂರದ ಹೊಲಮನೆಗಳನ್ನು ಬಿಟ್ಟುಬಿಟ್ಟಾಗ, ಬೇಸಾಯಗಾರರು ತಾವೇ ಕೂಡಿ ತಂತಿ ಎಳೆದುಕೊಂಡರು; ಕೆಲವೆಡೆ ಬೇಲಿಯ ಮುಳ್ಳುತಂತಿಯನ್ನೇ ದೂರವಾಣಿಯ ತಂತಿಯನ್ನಾಗಿ ಮಾಡಿಕೊಂಡರು. 1949ರಲ್ಲಿ ಅಲ್ಲಿಯ ಸರ್ಕಾರವು ಗ್ರಾಮವಿದ್ಯುತ್ತಿನ ಕಾನೂನನ್ನು ತಿದ್ದಿ, ಹಳ್ಳಿಯ ದೂರವಾಣಿಗೂ ಸಾಲ ಸಿಗುವಂತೆ ಮಾಡಿತು; ಸಹಕಾರ ಸಂಘಗಳು ಅದರಿಂದ ಬಲಗೊಂಡುವು. ಅಂಥ ಸಂಘದಲ್ಲಿ ಮಾತಾಡುವವನೇ ಒಡೆಯ, ಒಡೆಯನೇ ಮತದಾರ. ಅಲ್ಲಿ ಮುಂದಾಳಿಗೆ ಸಲ್ಲುವ ಗೌರವವು ಉಪಕಾರ ಪಡೆದವರ ಬಾಯಿಂದಲೇ ಬರುತ್ತದೆ. ಉದ್ಯಮದವರು ಉದ್ಯಮದವರನ್ನು ಹೊಗಳುವುದು ತಪ್ಪಲ್ಲ. ಕಸುಬಿನ ಕಷ್ಟವನ್ನು ಕಸುಬುದಾರನೇ ಬಲ್ಲ. ಆದರೆ ಊಟ ಹೇಗಿತ್ತೆಂದು ಅಡಿಗೆಯವರು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡರೆ ಸಾಲದು, ಉಂಡವರನ್ನು ಕೇಳಬೇಕು.

ಇಂದು ಹಳ್ಳಿಯ ಎಸ್‌.ಟಿ.ಡಿ. ಗೂಡುಗಳು ಮರೆಯಾಗಿವೆ. ಜನರ ಕಿಸೆಗಳಲ್ಲಿ ಮೊಬೈಲುಗಳಿವೆ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ತಂತಿಯನ್ನು ಒಯ್ಯುವ ಯೋಜನೆಗೆ 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಿತು; ಅದೇ ಈಗ ಭಾರತ್‌ನೆಟ್ ಎನ್ನಿಸಿಕೊಂಡಿದೆ. ಆದರೂ 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪಾಠ ಕೇಳುವುದಕ್ಕಾಗಿ ಗುಡ್ಡ ಹತ್ತಬೇಕಾಯಿತು. ಮಳೆಯಲ್ಲಿ ಕೊಡೆ ಹಿಡಿದು, ಮೊಬೈಲಿಗೆ ಸಂಕೇತ ಸಿಕ್ಕುವ ಬಂಡೆಯನ್ನು ಹುಡುಕಿ ಅವರು ಕುಳಿತರು. ತಂತಿ ಪಂಚಾಯತಿಯ ಬಾಗಿಲಿಗೆ ಬಂದರೆ ಮುಂದಾಳಿಗೆ ಅಂಕಿಯೊಂದು ಸಿಕ್ಕುತ್ತದೆ. ಅದು ಆ ಹುಡುಗಿಯ ಮನೆಯವರೆಗೆ ಬಂದು, ಬಂದ ಮೇಲೆಯೂ ಬದುಕಿದ್ದರೆ ಮಾತ್ರ ಕೆಲಸವಾಯಿತೆಂದು ಹೇಳಬಹುದು. ಕೂಡಿಸಿದ ಊರುಗಳ ಲೆಕ್ಕವನ್ನೇ ಹೊಗಳುವ ಸಭೆಯು ಮುಂದಿನವರಿಗೆ ಲೆಕ್ಕ ಬರೆಯುವುದನ್ನೇ ಕಲಿಸುತ್ತದೆ. ಮನ್ನಣೆ ತಪ್ಪಿದರೆ ಆಗುವ ಹಾನಿ ಇದು. ಅದು ಸನ್ಮಾನಿತನಿಗಾಗಲಿ ಮರೆತುಹೋದ ನೌಕರನಿಗಾಗಲಿ ತಟ್ಟುವುದಕ್ಕಿಂತ ಹೆಚ್ಚಾಗಿ ಗುಡ್ಡದ ಮೇಲೆ ಕುಳಿತ ಮಗುವಿಗೆ ತಟ್ಟುತ್ತದೆ.

ಆದುದರಿಂದ ಮುಂದಾಳುಗಳನ್ನು ಮನ್ನಿಸಬಾರದೆಂದಲ್ಲ, ವಿಚಾರಿಸಿ ಮನ್ನಿಸಬೇಕು. ಕೆಲಸವು ಹಳ್ಳಿಗೆ ತಕ್ಕಂತೆ ಬಾಗಿತೋ, ಹಳ್ಳಿಯೇ ಕೆಲಸಕ್ಕೆ ತಕ್ಕಂತೆ ಬಾಗಬೇಕಾಯಿತೋ? ಅವನು ಹೋದ ಮೇಲೆಯೂ ಅದು ನಡೆಯುತ್ತಿದೆಯೋ? ಜೊತೆಗೆ ದುಡಿದವರ ಹೆಸರುಗಳನ್ನು ಅವನು ಬಲ್ಲನೋ? ಈ ಮೂರು ಪ್ರಶ್ನೆಗಳನ್ನು ಶಾಲು ಹೊದಿಸುವ ಮುಂಚೆ ಕೇಳಿದರೆ ಮನ್ನಣೆಗೂ ಒಂದು ಕಟ್ಟಳೆ ಉಂಟಾಗುತ್ತದೆ. ಕೇಳುವ ಹಕ್ಕು ಮೊದಲು ಆ ಹಳ್ಳಿಯವರದು. ಅವರು ತಲೆದೂಗಿದ ಮೇಲೆ ಪಟ್ಟಣದ ಸಭೆಯಲ್ಲಿ ಎಷ್ಟು ದೊಡ್ಡ ಹಾರ ಹಾಕಿದರೂ ಅದು ಭಾರವಾಗುವುದಿಲ್ಲ.