ಗೆರೆಯೂ ಅಂಕಣವೇ

ಫುಟ್‌ಬಾಲಿನ ಒಂದು ನಿಯಮ ನೆನೆದಾಗಲೆಲ್ಲ ನನಗೆ ಸೋಜಿಗ: ಅಂಕಣದ ಸುತ್ತ ಎಳೆದ ಗೆರೆ ಅಂಕಣಕ್ಕೇ ಸೇರಿದ್ದು. ಚೆಂಡು ಅದನ್ನು ಪೂರ್ತಿ ದಾಟುವವರೆಗೂ ಆಟ ನಡೆಯುತ್ತಲೇ ಇರುತ್ತದೆ. 2022ರ ವಿಶ್ವಕಪ್ಪಿನಲ್ಲಿ, ಹೊರಗೆ ಹೋಯಿತೆಂದೇ ಕಂಡ ಚೆಂಡನ್ನು ಜಪಾನಿನ ಮಿತೊಮಾ ಒಳಕ್ಕೆಳೆದ; ತನಾಕಾ ಅದನ್ನು ಗೋಲಾಗಿಸಿದ. ಗೆರೆಯ ಮೇಲೆ ಉಳಿದಿದ್ದು ಎರಡು ಮಿಲಿಮೀಟರಿಗೂ ಕಡಿಮೆ. ಸ್ಪೇನ್ ಸೋತಿತು.

ಆ ಗೆರೆಯ ಪಕ್ಕದಲ್ಲೇ ಬಾಳುವೆ ಮಾಡುವವನು ವಿಂಗರ್. 68 ಮೀಟರ್ ಅಗಲದ ಬಯಲಿದ್ದರೂ ಅವನ ಪಾಲಿಗೆ ಬದಿಯ ಪಟ್ಟಿ. ಬಹುಹೊತ್ತು ಅವನು ಓಡುವುದು ತನ್ನತ್ತ ಬಾರದ ಚೆಂಡಿಗಾಗಿ. ಅವನು ಹಾಗೆ ಓಡಿದ್ದರಿಂದಲೇ ಎದುರಾಳಿಗಳ ಸಾಲು ಹಿಗ್ಗಿ, ನಡುವೆ ಇನ್ನೊಬ್ಬನಿಗೆ ದಾರಿಯಾಗುತ್ತದೆ. ಗೋಲು ಆ ಇನ್ನೊಬ್ಬನ ಹೆಸರಿಗೆ.

ಎಡ್ಗರ್ ಮೆಂಡೆಸ್ ಅಂಥವನು. ಅಟ್ಲಾಂಟಿಕ್‌ನ ಟೆನರೀಫ್ ದ್ವೀಪದವನು. ಸ್ಪೇನಿನ ಅತಿ ಎತ್ತರದ ಬೆಟ್ಟ, 3,715 ಮೀಟರಿನ ಟೈಡೆ ಅಗ್ನಿಪರ್ವತ, ಇರುವುದು ಅಲ್ಲೇ. ಅಲ್ಮೆರಿಯಾ, ಗ್ರನಾಡಾ ತಂಡಗಳನ್ನು ದಾಟಿ ಅಲವೇಸ್ ಸೇರಿದ. 2017ರ ಫೆಬ್ರವರಿಯಲ್ಲಿ ಸೆಲ್ಟಾ ವಿರುದ್ಧ 82ನೇ ನಿಮಿಷಕ್ಕೆ ಅವನು ಹೊಡೆದ ಒಂದೇ ಗೋಲು ಆ ತಂಡವನ್ನು ಮೊತ್ತಮೊದಲ ಬಾರಿಗೆ ಕೋಪಾ ದೆಲ್ ರೇ ಫೈನಲ್ಲಿಗೆ ಒಯ್ದಿತು. ಅಲ್ಲಿ ಎದುರಿಗೆ ಮೆಸ್ಸಿಯ ಬಾರ್ಸಿಲೋನಾ, 3-1ರ ಸೋಲು. ಮುಂದೆ ಮೆಕ್ಸಿಕೋದಲ್ಲಿ ಆಡಿ, 2024ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ. ಆ ಋತುವಿನ ಐಎಸ್‌ಎಲ್ ಸೆಮಿಫೈನಲ್ಲಿನಲ್ಲಿ ಗೋವಾ ವಿರುದ್ಧ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಗೋಲು ಹೊಡೆದ. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್ಲಿನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ ಮತ್ತೆ ಸೋಲು, 2-1. ಕಪ್ಪು ಸಿಗದಿದ್ದರೇನು, ಅಗ್ನಿಪರ್ವತದ ಬುಡದ ದ್ವೀಪದಿಂದ ಒಬ್ಬನ ಕಾಲು ಕಸ್ತೂರಬಾ ರಸ್ತೆಯ ಹುಲ್ಲಿನವರೆಗೆ ನಡೆದುಬಂದಿದ್ದೇ ನನಗೆ ಸಾಕಷ್ಟು ದೊಡ್ಡ ಕೌತುಕ.

ಇದನ್ನೆಲ್ಲ ರಾಯಚೂರಿನಾಚೆ, ತೆಲಂಗಾಣದಲ್ಲಿರುವ ನಾರ್ವದ ಕಡೆಯಿಂದ ನೋಡಿದರೆ ಇನ್ನೊಂದು ಕಾಣುತ್ತದೆ. ವಿಂಗರ್ ತಾನಾಗಿ ಗೆರೆಗೆ ಹೋಗುತ್ತಾನೆ. ಇಲ್ಲಿ ಗಡಿಯ ಗೆರೆಯೇ ಜನರನ್ನು ಹುಡುಕಿಕೊಂಡು ಬಂತು. ಗದ್ವಾಲ್, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. 1956ರ ನವೆಂಬರಿನಲ್ಲಿ ಮಹಬೂಬ್‌ನಗರಕ್ಕೆ ಹೋದವು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. 2014ರಲ್ಲಿ ಆಂಧ್ರ ಹೋಗಿ ತೆಲಂಗಾಣವಾಯಿತು, 2019ರಲ್ಲಿ ನಾರ್ವದ ಸುತ್ತಲ ಸೀಮೆ ನಾರಾಯಣಪೇಟೆ ಜಿಲ್ಲೆಯಾಯಿತು. ಬೋರ್ಡು ಬದಲಾದಷ್ಟು ಸಲ ಮಾತು ಬದಲಾಗಲಿಲ್ಲ. ಮಕ್ತಲ್ ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುವವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಚ್ಚರಿಪಡುವ ಪುರುಸೊತ್ತು ನಮ್ಮಂಥ ಬರೆಯುವವರಿಗೆ.

ಹಾಗಾದರೆ ಇಲ್ಲಿಯ ಹುಡುಗ ಯಾರ ಕಡೆ ಕೂಗಬೇಕು? 2025ರವರೆಗೆ ರೇಷನ್ ಕಾರ್ಡು ಹೈದರಾಬಾದ್ ಎಫ್‌ಸಿ ಅನ್ನುತ್ತಿತ್ತು, ನಾಲಗೆ ಬೆಂಗಳೂರು ಅನ್ನುತ್ತದೆ. ನನ್ನನ್ನು ಕೇಳಿದರೆ, ಚೆಂಡು ಯಾವ ಬದಿಯ ವಿಂಗರ್ ಬಳಿಗೆ ಹೋಗುತ್ತದೋ, ಆ ಹೊತ್ತಿಗೆ ಅವನ ಕಡೆ.